ಒಂದು ‘ಅಥವಾ’ ಮಾಡಿದ ಕೆಲಸ

ಸೋಮವಾರಪೇಟೆ ಕಡೆ ‘ನಾನು ರೈಟರ್’ ಅಂದರೆ ಮುಂದಿನ ಪ್ರಶ್ನೆ ‘ಯಾವ ತೋಟದಲ್ಲಿ?’ ಅಂತಲೇ. ಅಪ್ಪ ಹಾಗೆ ತೋಟದ ರೈಟರ್ ಆಗಿ, ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪಟ್ಟಿ, ಬರೆದೇ ನಮ್ಮನ್ನು ಓದಿಸಿದ್ದು. ನಾನು ಬರೆಯುವುದು ಸಾಫ್ಟ್‌ವೇರ್ ಮ್ಯಾನುಯಲ್. ಕ್ಯಾಡ್ ಅಸೆಂಬ್ಲಿ, ಅಂದರೆ ಯಂತ್ರದ ಪಾರ್ಟ್‌ಗಳನ್ನು ಕಂಪ್ಯೂಟರಲ್ಲೇ ಜೋಡಿಸಿದ ಮಾಡೆಲ್, ತೆರೆದು, ಯಾವ ಪಾರ್ಟ್ ಯಾವುದರೊಳಗೆ ನುಗ್ಗಿದೆ (ಇದೇ ಇಂಟರ್‌ಫಿಯರೆನ್ಸ್), ಎಲ್ಲಿ ಸಂದು ಸಾಲದು ಅಂತ ಹುಡುಕಿಕೊಡುವ ಟೂಲ್ ಅದು. ಆಫೀಸ್ ಬೆಂಗಳೂರಲ್ಲಿ, ನಾನು ಊರಲ್ಲಿ.

ಕಳೆದ ಜುಲೈ. ಮಳೆ ಹಿಡಿದು ನಾಲ್ಕನೇ ದಿನ. ಸಿಲ್ವರ್ ಮರ ಲೈನ್ ಮೇಲೆ ಬಿದ್ದು ಬೆಳಿಗ್ಗೆಯಿಂದ ಕರೆಂಟಿಲ್ಲ. ಯುಪಿಎಸ್ ಕೀಂ ಕೀಂ ಅನ್ನುತ್ತಿದ್ದಾಗಲೇ ಸಪೋರ್ಟ್‌ನವರ ಕಾಲ್.

‘ಮೇಡಂ, ಕಸ್ಟಮರ್ ಲೈನಲ್ಲಿದ್ದಾರೆ. ಇಂಟರ್‌ಫಿಯರೆನ್ಸ್ ಸೊನ್ನೆ ಅಂತ ಟೂಲ್ ತೋರಿಸಿತಂತೆ. ಪ್ಲೇಟ್ ಲೇಸರ್ ಕಟಿಂಗ್ ಆಗಿ ಬಂದಿದೆ. ಜೋಡಿಸೋಕೆ ಹೋದ್ರೆ ಬ್ರಾಕೆಟ್ ಮೋಟರ್‌ಗೆ ಹೊಡೀತಿದೆ. ಮ್ಯಾನುಯಲ್ ನೋಡ್ಕೊಂಡೇ ಮಾಡಿದ್ದು ಅಂತಿದ್ದಾರೆ.’

‘ಮ್ಯಾನುಯಲ್ ಸರಿ ಇದೆ’ ಅಂದುಬಿಟ್ಟೆ. ಪುಟ ತೆರೆದು ನೋಡಲೂ ಇಲ್ಲ. ಅಷ್ಟಕ್ಕೇ ಸುಮ್ಮನಿರಬಾರದೇ? ‘ನಿಮ್ಮ ಸ್ಟೆಪ್ ಫೈಲ್‌ನಲ್ಲೇ ಯೂನಿಟ್ ಎಡವಟ್ಟಾಗಿರಬೇಕು ಸರ್’ ಅಂತ ಬೇರೆ ಸೇರಿಸಿದೆ. ಮಾಡೆಲನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಸಾಗಿಸುವ ಫೈಲ್ ಅದು. ಹಿಂದೊಮ್ಮೆ ಇಂಚು-ಮಿಲಿಮೀಟರ್ ಗೊಂದಲದಲ್ಲಿ ಪಾರ್ಟೊಂದು 25.4 ಪಟ್ಟು ಊದಿಕೊಂಡಿದ್ದನ್ನು ಹಿಡಿದಿದ್ದೆ. ಆ ಜಂಬ ಇನ್ನೂ ಇಳಿದಿರಲಿಲ್ಲ. ಸ್ಟೆಪ್ ಫೈಲ್ ಬರೀ ಟೆಕ್ಸ್ಟ್ ತಾನೇ, ಸ್ಕ್ರೀನ್ ಶೇರ್ ಮಾಡಿಯೇ ನೋಟ್‌ಪ್ಯಾಡ್‌ನಲ್ಲಿ ತೆರೆದು ಯೂನಿಟ್ ಸಾಲು ಹುಡುಕಿದೆ. ಮಿಲಿಮೀಟರ್ ಅಂತಲೇ ಇತ್ತು. ಮತ್ತೊಮ್ಮೆ ಹುಡುಕಿದೆ. ಆಗಲೂ ಮಿಲಿಮೀಟರೇ. ಹತ್ತು ನಿಮಿಷ ಹೀಗೇ ಹೋಯಿತು. ಆ ಕಡೆ ಯಾರೂ ಮಾತಾಡುತ್ತಿಲ್ಲ, ಈ ಕಡೆ ಶೀಟಿನ ಮೇಲೆ ಮಳೆ.

ಕೊನೆಗೆ ಕಸ್ಟಮರ್ರೇ, ಒಂದಿಷ್ಟೂ ದನಿ ಏರಿಸದೆ, ‘ಹನ್ನೆರಡನೇ ಪುಟ ಓದ್ತೀನಿ ಮೇಡಂ, ಕೇಳಿ’ ಅಂದರು. ಓದಿದರು. ಬೋಲ್ಟ್‌ಗಳು ತೊಂದರೆ ಕೊಟ್ಟರೆ ಅವನ್ನು ಹೈಡ್ ಅಥವಾ ಸಪ್ರೆಸ್ ಮಾಡಿ ಚೆಕ್ ಓಡಿಸಿ, ಉಳಿದ ಪಾರ್ಟ್‌ಗಳ ಫಲಿತಾಂಶ ಬದಲಾಗದು. ನನ್ನದೇ ವಾಕ್ಯ.

ಬೋಲ್ಟ್ ತೊಂದರೆ ಕೊಡುವುದೇನೋ ನಿಜ. 8 ಮಿ.ಮೀ. ಬೋಲ್ಟ್‌ನ (ಎಂ8) ಥ್ರೆಡ್ ಕೊರೆಯುವ ಟ್ಯಾಪಿಂಗ್‌ಗೆ ಮೊದಲು 6.8 ಮಿ.ಮೀ. ಡ್ರಿಲ್ ಹೊಡೆಯುತ್ತಾರೆ, ಮಾಡೆಲ್‌ನಲ್ಲಿ ತೂತೂ ಅಷ್ಟೇ ಇರುತ್ತದೆ, ಬೋಲ್ಟ್ ಮಾತ್ರ ಪೂರ್ತಿ 8. ಹಾಗಾಗಿ ಒಂದೊಂದು ಬೋಲ್ಟೂ ಪ್ಲೇಟಿನೊಳಗೆ ನುಗ್ಗಿದಂತೆ ಕೆಂಪಾಗುತ್ತದೆ. ಆ ಕೆಂಪು ರಾಶಿ ಯಾರಿಗೂ ಬೇಡ. ಆದರೆ ಹೈಡ್ ಮಾಡಿದ ಪಾರ್ಟ್ ಕಣ್ಣಿಗಷ್ಟೇ ಮರೆ, ಚೆಕ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ. ಸಪ್ರೆಸ್ ಮಾಡಿದ್ದನ್ನು ನಮ್ಮ ಟೂಲ್ ಲೋಡೇ ಮಾಡುವುದಿಲ್ಲ. ಇವರು ಬೋಲ್ಟ್‌ಗಳಿದ್ದ ಸಬ್-ಅಸೆಂಬ್ಲಿಯನ್ನೇ ಇಡಿಯಾಗಿ ಸಪ್ರೆಸ್ ಮಾಡಿದ್ದರು. ಬ್ರಾಕೆಟ್ಟೂ ಅದರೊಳಗೇ ಇತ್ತು.

ಬರೆಯುವಾಗ ನಾನು ಕೇಳದೇ ಇರಲಿಲ್ಲ. ‘ಎರಡೂ ಒಂದೇನಾ?’ ಅಂತ ಡೆವಲಪರ್‌ಗೆ ಚಾಟ್ ಮಾಡಿದ್ದೆ. ‘ವ್ಯೂಗೆ ಒಂದೇ’ ಅಂದಿದ್ದ, ಅಂದರೆ ಸ್ಕ್ರೀನಲ್ಲಿ ಕಾಣುವ ಮಟ್ಟಿಗೆ. ‘ಒಂದೇ’ ಇಟ್ಟುಕೊಂಡು ‘ವ್ಯೂಗೆ’ ಬಿಟ್ಟೆ. ಓಡಿಸಿ ನೋಡಿದ್ದು ಡೆಮೋ ಅಸೆಂಬ್ಲಿಯಲ್ಲಿ. ಅದರಲ್ಲಿ ಐದು ಪಾರ್ಟು, ಒಂದೂ ಬೋಲ್ಟಿಲ್ಲ.

ಯುಪಿಎಸ್ ಆಗಲೇ ಕೈಕೊಟ್ಟಿತು. ರೂಟರ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಹನ್ನೊಂದು ಪರ್ಸೆಂಟ್. ಮೊಬೈಲ್ ಸಿಗ್ನಲ್ ಬರುವುದು ನಮ್ಮಲ್ಲಿ ಅಡುಗೆಮನೆ ಕಿಟಕಿ ಹತ್ತಿರ ಮಾತ್ರ. ಅಲ್ಲೇ ನಿಂತು ಹಾಟ್‌ಸ್ಪಾಟ್ ಹಾಕಿ, ಅವರ ಸೆಶನ್ ಫೈಲ್‌ನಲ್ಲಿ ಬೂದಿ ಬಣ್ಣಕ್ಕೆ ತಿರುಗಿದ್ದನ್ನೆಲ್ಲ ಅನ್‌ಸಪ್ರೆಸ್ ಮಾಡಿ ಮತ್ತೆ ಓಡಿಸಿದೆ. ಪ್ರೋಗ್ರೆಸ್ ಬಾರ್ ಬಸವನಹುಳುವಿನ ಹಾಗೆ ತೆವಳಿತು. ಬೋಲ್ಟ್‌ಗಳ ಉದ್ದ ಕೆಂಪು ಪಟ್ಟಿ, ಅದರ ತುದಿಯಲ್ಲಿ ಬ್ರಾಕೆಟ್ ಮತ್ತು ಮೋಟರ್.

‘ತಪ್ಪು ನನ್ನದು ಸರ್.’

‘ಪ್ಲೇಟ್ ಮತ್ತೆ ಕಟ್ ಮಾಡಿಸ್ತೀವಿ ಬಿಡಿ. ಪುಟ ಸರಿ ಮಾಡಿ.’ ಬೈದಿದ್ದರೆ ವಾಸಿಯಿತ್ತು.

ಸಂಜೆ ಒಲೆ ಮುಂದೆ ಕೂತು ಅಪ್ಪನಿಗೆ ಹೇಳಿದೆ. ಇಂಟರ್‌ಫಿಯರೆನ್ಸ್ ಅಂದರೇನು ಅಂತ ಕೇಳುವ ಗೋಜಿಗೇ ಅವರು ಹೋಗಲಿಲ್ಲ. ‘ಅಲ್ಲ, ನಿಮ್ಮ ಪಟ್ಟೀಲಿ ಬಾರದವರ ಲೆಕ್ಕ ಎಲ್ಲಿ ಬರುತ್ತೆ?’ ಅಂದರು.

ಎಲ್ಲೂ ಬರುವುದಿಲ್ಲ. ಹಸಿರು ಟಿಕ್, ಪಕ್ಕದಲ್ಲಿ ಸೊನ್ನೆ, ಅಷ್ಟೇ. ಎಷ್ಟು ಪಾರ್ಟ್ ನೋಡದೆ ಬಿಟ್ಟೆ ಅಂತ ಟೂಲ್ ಬಾಯಿಬಿಡುವುದಿಲ್ಲ. ಮರುದಿನ ಅದನ್ನೇ ಟಿಕೆಟ್ (ಸರಿಪಡಿಸಿ ಅಂತ ಬರೆದ ದೂರು) ಮಾಡಿ ಹಾಕಿದೆ. ‘ಡಾಕ್ಯುಮೆಂಟ್‌ನಲ್ಲಿ ಒಂದು ನೋಟ್ ಹಾಕಿ, ಸಾಕು’ ಅಂತ ಮ್ಯಾನೇಜರ್ ಉತ್ತರ. ಟೂಲ್‌ನ ತೂತಿಗೆಲ್ಲ ನೋಟ್‌ನದೇ ತೇಪೆ. ಹನ್ನೆರಡನೇ ಪುಟದಲ್ಲಿ ಈಗ ಮೂರು ನೋಟ್‌ಗಳಿವೆ, ಓದುವವರು ಯಾರೋ.

ಡೆಮೋ ಫೈಲ್ ಮಾತ್ರ ಡಿಲೀಟ್ ಮಾಡಿದೆ. ಏನೇ ಬರೆಯುವ ಮುಂಚೆ ಸಪೋರ್ಟ್‌ನವರ ಹತ್ತಿರ ಗಲೀಜು ಅಸೆಂಬ್ಲಿಯೊಂದನ್ನು ಇಸಿದುಕೊಂಡು ಓಡಿಸುತ್ತೇನೆ. ‘ಒಂದೇ’ ಅಂತ ಯಾರಾದರೂ ಚಾಟ್‌ನಲ್ಲಿ ಹೇಳಿದರೆ ‘ಯಾವುದಕ್ಕೆ ಒಂದೇ?’ ಅಂತ ಪೀಡಿಸುತ್ತೇನೆ. ಆ ಡೆವಲಪರ್ ಈಗೀಗ ನನ್ನ ಮೆಸೇಜ್‌ಗೆ ತಡವಾಗಿ ಉತ್ತರಿಸುತ್ತಾನೆ.

ಟಿಕೆಟ್ ಬ್ಯಾಕ್‌ಲಾಗ್‌ನಲ್ಲೇ, ಬಾಕಿ ಕೆಲಸಗಳ ಪಟ್ಟಿಯಲ್ಲೇ, ಬಿದ್ದಿದೆ. ಅಪ್ಪ ಆಗಾಗ ವಿಚಾರಿಸುತ್ತಾರೆ: ‘ನಿಮ್ಮ ಟೂಲು ಹಾಜರಿ ಹಾಕೋದು ಕಲೀತಾ?’