ಬಿಎಂ ನಂಬಿ ನೆಟ್ಟ ಕಾಂಡ್ಲಾ

ಪೋರ್ಟ್ ಬ್ಲೇರ್ ಪಕ್ಕದ ಸಿಪ್ಪಿಘಾಟ್ 2004ರ ಡಿಸೆಂಬರ್ 26ರವರೆಗೆ ಭತ್ತದ ಗದ್ದೆ. ಸುನಾಮಿ ಬಂದ ಮೇಲೆ ಉಪ್ಪುನೀರು. ಅಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ನೆಡುವ ಪ್ರಾಜೆಕ್ಟಿನಲ್ಲಿ ಲೆವೆಲ್ ತೆಗೆಯುವುದು, ಅಂದರೆ ನೆಲದ ಎತ್ತರ ಅಳೆಯುವುದು, ನನ್ನ ಪಾಲಿಗೆ ಬಂದಿತ್ತು. ನೂರು ಮೀಟರ್ ಕಾಂಡ್ಲಾ ಕಾಡು ಅಲೆಯ ಎತ್ತರವನ್ನು ಶೇ 13ರಿಂದ 66ರಷ್ಟು ತಗ್ಗಿಸುತ್ತದೆ ಎಂಬ ಸ್ಲೈಡ್ ಮೇಲಿನವರ ಪ್ರತಿ ಪಿಪಿಟಿಯಲ್ಲೂ ಇರುತ್ತಿತ್ತು. ಸುಳ್ಳಲ್ಲ. ಆದರೆ ಅದು ಗಾಳಿ ಎಬ್ಬಿಸುವ ಅಲೆಯ ಲೆಕ್ಕ, ಸುನಾಮಿಯದಲ್ಲ. ಅದೂ ಗಿಡ ಬದುಕಿದ್ದರೆ.

ಮಾರ್ಚ್ ಎಂಡ್ ಟಾರ್ಗೆಟ್ ತಲೆ ಮೇಲಿತ್ತು. ಹಳೇ ಮೋರಿಯ ಬಿಎಂ (ಬೆಂಚ್ ಮಾರ್ಕ್, ಎತ್ತರ ಮೊದಲೇ ಅಳೆದಿಟ್ಟ ಗುರುತುಕಲ್ಲು) ಹಿಡಿದು, ರಿಜಿಸ್ಟರಿನಲ್ಲಿದ್ದ ಅದರ ಎತ್ತರದ ವ್ಯಾಲ್ಯೂ ಹಾಕಿ, ಮಟ್ಟ ಅಳೆಯುವ ಆಟೋಲೆವೆಲ್ ಇಟ್ಟು ಓದುತ್ತ ಹೋದೆ. ಕ್ಲೋಸಿಂಗ್ ಎರರ್ (ಅಳೆದು ವಾಪಸ್ ಬಂದಾಗ ಉಳಿಯುವ ವ್ಯತ್ಯಾಸ) ಇಲ್ಲವೆನ್ನುವಷ್ಟು ಕಡಿಮೆ, ಬೀಗಿದ್ದೂ ಹೌದು. ದೋಣಿ ನಡೆಸುವ ದಾದಾ ದಂಡೆಯ ಅಂಚು ತೋರಿಸಿ, "ಸಾಬ್, ತಾನಾಗಿ ಹುಟ್ಟಿದ್ದೆಲ್ಲ ಅಲ್ಲೇ ಇದೆ, ಇಲ್ಲಿ ಒಂದೂ ಇಲ್ಲ" ಅಂದರು. ಇಳಿತದ ಹೊತ್ತು, ಕೆಸರೆಲ್ಲ ಬಯಲಾಗಿ ಬಿದ್ದಿತ್ತು. ಪುಸ್ತಕದಲ್ಲಿ ಸರಿಯಿದೆ ಅಂದೆ. ನೆಟ್ಟೆವು.

ಹುಣ್ಣಿಮೆಯ ಉಬ್ಬರಕ್ಕೆ ದಂಡೆ ಮೇಲೆ ನಿಂತು ನೋಡಿದೆವು. ನನ್ನ ಲೆಕ್ಕದಂತೆ ನೀರು ಗೂಟದ ಕೆಂಪು ಪಟ್ಟಿಗೆ ನಿಲ್ಲಬೇಕಿತ್ತು. ಪಟ್ಟಿ ಮುಳುಗಿತು. ಇನ್ನೇನು ನಿಲ್ಲುತ್ತದೆ ಅಂದುಕೊಳ್ಳುತ್ತಿರುವಾಗಲೇ ಸಸಿಗಳ ಮೇಲಿನ ಜೋಡಿ ಎಲೆಗಳು ಒಂದೊಂದೇ ಸಾಲಾಗಿ ಕಾಣದಾದವು. ಮೊಸಳೆ ಇರುವ ಖಾರಿ (ಉಪ್ಪುನೀರಿನ ಕೊಲ್ಲಿ), ಇಳಿಯುವ ಹಾಗಿಲ್ಲ. ಇಳಿದರೂ ಮಾಡುವುದೇನು? ಅಷ್ಟರಲ್ಲಿ ಆಫೀಸಿನಿಂದ ಫೋನ್: ಜಿಯೋಟ್ಯಾಗ್ ಫೋಟೋ ಇನ್ನೂ ಬಂದಿಲ್ಲವಂತೆ. ಗೂಟಗಳ ತುದಿಯ ಫೋಟೋ ಕಳಿಸಿದೆ.

ಬಿಎಂ ವ್ಯಾಲ್ಯೂ ಸುನಾಮಿ ಎಬ್ಬಿಸಿದ ಭೂಕಂಪಕ್ಕಿಂತ ಹಿಂದಿನದು. ಆ ದಿನ ಉತ್ತರ ಅಂಡಮಾನಿನಲ್ಲಿ ನೆಲ ಮೇಲೆದ್ದು, ಉಬ್ಬರ ತಲುಪದೆ ಇದ್ದ ಕಾಂಡ್ಲಾವೇ ಒಣಗಿತು. ಪೋರ್ಟ್ ಬ್ಲೇರ್ ಕಡೆ ಸುಮಾರು ಒಂದು ಮೀಟರ್ ಕುಸಿಯಿತು. ಮೋರಿ, ಬಿಎಂ ಕಲ್ಲು, ಗದ್ದೆ ಎಲ್ಲ ಒಟ್ಟಿಗೇ ಇಳಿದದ್ದರಿಂದ ನನ್ನ ಲೆವೆಲ್ ಪುಸ್ತಕ ಚೊಕ್ಕವಾಗಿ ತಾಳೆಯಾಗಿತ್ತು. ಸಮುದ್ರ ಮಾತ್ರ ಇಳಿದಿರಲಿಲ್ಲ. ಗದ್ದೆಗೆ ಸಮುದ್ರ ಯಾಕೆ ನುಗ್ಗಿತು ಅಂತ ನಾನೇ ಬಂದವರಿಗೆಲ್ಲ ಹೇಳುತ್ತಿದ್ದೆ, ಅದೇ ಲೆಕ್ಕ ಕಲ್ಲಿಗೂ ಅನ್ವಯಿಸುತ್ತದೆ ಅಂತ ಹೊಳೆಯಲಿಲ್ಲ ನೋಡಿ!

ಉಸಿರಿಗೆ ಇಳಿತದ ಬಿಡುವು ಸಾಲದೆ ಸಸಿಗಳು ಕಪ್ಪಾದವು, ಉಳಿದವಕ್ಕೆ ಬಾರ್ನಕಲ್ ಎಂಬ ಚಿಪ್ಪುಜೀವಿ ಮೆತ್ತಿತು. ಈಗ ಮೊದಲು ಟೈಡ್ ಪೋಲ್ (ಉಬ್ಬರ ಅಳೆಯುವ ಕಂಬ) ನೆಟ್ಟು ನೀರನ್ನೇ ಅಳೆಯುತ್ತೇನೆ, ತಾನಾಗಿ ಹುಟ್ಟಿದ ಕಾಡುಗಿಡ ನಿಂತಿರುವ ಮಟ್ಟಕ್ಕೆ ಸ್ಟಾಫ್ (ಅಳತೆಗೋಲು) ಹಿಡಿಯುತ್ತೇನೆ. ದಂಡೆಯಲ್ಲಿ ಕಟ್ಟಿಕೊಂಡಿದ್ದ ಮೋರಿ ಬಿಡಿಸಿದ ಕಡೆ ಬೀಜ ತಾನಾಗಿ ತೇಲಿಬಂದು ಹತ್ತಿದೆ. ಅದನ್ನು ರಿಪೋರ್ಟಿನಲ್ಲಿ ಬರೆಯೋಣವೆಂದರೆ ಫಾರ್ಮ್ಯಾಟಿನಲ್ಲಿ 'ನೆಟ್ಟ ಸಸಿ' ಕಾಲಂ ಒಂದೇ ಇದೆ. ಅಲ್ಲಿ ಸೊನ್ನೆ ಹಾಕಿದ್ದಕ್ಕೆ ವಿವರಣೆ ಕೇಳಿದ್ದಾರೆ.