ಅರವಟ್ಟಿಗೆಗೆ ಯಾರ ಫೋಟೋನೂ ಬೇಡ

ಕಲಬುರಗಿಯ ಬೇಸಿಗೆ ಕಂಡವರಿಗೆ ಅರವಟ್ಟಿಗೆಯ ಬೆಲೆ ಹೇಳಬೇಕಾಗಿಲ್ಲ. ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ರಸ್ತೆಯಲ್ಲಿ ಇರುವವರು ಆಟೋದವರು, ಬಸ್ಸಿಗೆ ಕಾಯುವವರು, ಹಳ್ಳಿಯಿಂದ ಆಸ್ಪತ್ರೆಗೆ ಬಂದವರು, ಅಷ್ಟೇ. ಅವರಿಗಾಗಿ ನಮ್ಮ ಓಣಿಯವರು ಪಟ್ಟಿ ಎತ್ತಿ ಹಂದರ ಹಾಕುತ್ತೇವೆ. ಮರಳಿನ ಮೇಲೆ ದೊಡ್ಡ ರಂಜಣಿಗೆ. ಅದರ ಸುತ್ತ ಹಸಿ ಗೋಣಿತಟ್ಟು. ಬಾಯಿಗೆ ಬಿಳಿ ಬಟ್ಟೆ ಬಿಗಿದು ಮೇಲೊಂದು ಹಲಗೆ. ಪಕ್ಕದಲ್ಲಿ ಸರಪಳಿ ಹಾಕಿದ ಸ್ಟೀಲ್ ಲೋಟ. ಗೋಣಿ ಒಣಗಿದರೆ ನೀರು ಬಿಸಿಯಾಗುತ್ತದೆ, ಹಾಗಾಗಿ ಆಗಾಗ ಯಾರಾದರೂ ಎದ್ದು ಅದಕ್ಕೆ ನೀರು ಚಿಮುಕಿಸಲೇಬೇಕು.

ಈ ಕೆಲಸ ಮುಂದೆ ನಿಂತು ಮಾಡುವವರು ಇಬ್ಬರು. ಒಬ್ಬರು ನಿವೃತ್ತ ಮಾಸ್ತರು. ಹಕ್ಕು, ಸಂವಿಧಾನ, ಸಮಾನತೆ ಅಂತ ಜೀವನವಿಡೀ ಮಾತಾಡಿದವರು. ಇನ್ನೊಬ್ಬರು ಕಾಳಿನ ವ್ಯಾಪಾರದ ಸಾಹುಕಾರ್ರು. ಮಠ, ಜಾತ್ರೆ, ಹಿರಿಯರ ಪದ್ಧತಿ ಬಿಟ್ಟು ಬದುಕಿಲ್ಲ ಅನ್ನುವವರು. ಚುನಾವಣೆ ಬಂದರೆ ಇಬ್ಬರ ನಡುವೆ ಮಾತೇ ಬಂದ್.

ಈ ಸಲ ಹಂದರ ಹಾಕುವ ದಿನ ಒಬ್ಬ ಹುಡುಗ ಬೈಕಿನಲ್ಲಿ ಬಂದ. ರಾಜಕೀಯದವರ ಕಡೆಯವನು. "ಖರ್ಚೆಲ್ಲಾ ನಮ್ದು ಸಾಹುಕಾರ್ರೆ. ಸಾಹೇಬ್ರ ಫೋಟೋ ಇರೋ ಒಂದು ಫ್ಲೆಕ್ಸ್ ಕಟ್ಟಿದ್ರ ಸಾಕು" ಅಂದ.

ಸಾಹುಕಾರ್ರು ಹಗ್ಗ ಬಿಗಿಯುತ್ತಲೇ ಹೇಳಿದರು: "ತಮ್ಮಾ, ಸಾಹೇಬ್ರಿಗಿ ನಮಸ್ಕಾರ ಹೇಳು. ಎಲ್ಲರಂಗ ನೂರು ರೂಪಾಯಿ ಪಟ್ಟಿ ಕೊಡ್ಲಿ, ವಹಿಯಾಗ ಹೆಸರು ಬರೀತೀವಿ. ಫೋಟೋ ಬ್ಯಾಡ."

ಮಾಸ್ತರು ಕೂಡ ಬಿಡಲಿಲ್ಲ. "ಇವತ್ತು ನಿಮ್ದು ಕಟ್ಟಿದ್ರ ನಾಳಿ ಇನ್ನೊಬ್ರು ಬಂದು ಹರೀತಾರ. ನೀರು ಕುಡಿಯೋರು ಪಕ್ಷ ನೋಡಿ ಕುಡೀಬೇಕೇನಪ್ಪಾ?"

ಹುಡುಗ ಹೋದ. ನನಗೆ ಆ ದಿನವೆಲ್ಲ ಅದೇ ತಲೆಯಲ್ಲಿ. ಯಾವ ಮಾತಿಗೂ ಒಪ್ಪದ ಇಬ್ಬರು ಇಲ್ಲಿ ಒಂದೇ ಉಸಿರಿಗೆ 'ಬೇಡ' ಅಂದರಲ್ಲ!

ಅದೇ ದಿನ ಇನ್ನೊಂದು ಮಾತೂ ಎದ್ದಿತು. ಎಲ್ಲರೂ ಲೋಟ ಅದ್ದುವ ಬದಲು ಒಬ್ಬರು ನಿಂತು ನೀರು ಹಾಕಲಿ ಅಂತ ಯಾರೋ ಅಂದರು. ಹಾಗಾದರೆ ಹಾಕುವವರು ಯಾರು? ಈ ಪ್ರಶ್ನೆಯ ಹಿಂದೆ ಏನಿದೆ ಅಂತ ನಮ್ಮ ಕಡೆಯವರಿಗೆ ಗೊತ್ತು. ಮಾಸ್ತರು ತಟ್ಟನೆ ಸಂವಿಧಾನದ 15ನೇ ವಿಧಿ ತೆಗೆದರು. ಬಾವಿ, ಕೆರೆ, ಸಾರ್ವಜನಿಕರಿಗೆ ಅಂತ ಬಿಟ್ಟ ಜಾಗ, ಯಾವುದರಲ್ಲೂ ಜಾತಿ ಧರ್ಮ ನೋಡಿ ತಡೆಯುವ ಹಾಗಿಲ್ಲ ಅಂತ ಅದರಲ್ಲೇ ಇದೆ. ಸಾಹುಕಾರ್ರಿಗೆ ಕಾನೂನು ಬೇಕಾಗಲಿಲ್ಲ. "ಶರಣಬಸವೇಶ್ವರರ ದಾಸೋಹದಾಗ ಯಾರ ಜಾತಿ ಕೇಳ್ತಾರ್ರಿ? ಬಾಯಾರಿದವ ಬಂದ, ನೀರು ಕೊಡ್ರಿ" ಅಂದುಬಿಟ್ಟರು. ಓಣಿಯ ಹುಡುಗರೆಲ್ಲ ಪಾಳಿ ಪ್ರಕಾರ ನಿಲ್ಲುವುದು ಅಂತ ಆಯಿತು. ಯಾವ ಮನೆಯ ಹುಡುಗ ಅಂತ ನೋಡಲಿಲ್ಲ.

ಸರ್ಕಾರಕ್ಕೂ ಮನೆಗೂ ನಡುವೆ ಇರುವ ಈ ಜಾಗವನ್ನೇ ನಾಗರಿಕ ಸಮಾಜ ಅನ್ನುತ್ತಾರೆ. ಸಂಪ್ರದಾಯವಾದಿಗಳ ಗುರು ಅನ್ನಿಸಿಕೊಂಡ ಎಡ್ಮಂಡ್ ಬರ್ಕ್ 1790ರಲ್ಲೇ ಹೇಳಿದ್ದ, ನಾವು ಸೇರಿದ ಚಿಕ್ಕ ಗುಂಪಿನ ಮೇಲಿನ ಪ್ರೀತಿಯಿಂದಲೇ ದೇಶದ ಪ್ರೀತಿ ಶುರುವಾಗುತ್ತದೆ ಅಂತ. 1831ರಲ್ಲಿ ಅಮೆರಿಕ ಸುತ್ತಿದ ಫ್ರಾನ್ಸಿನ ಚಿಂತಕ ಟಾಕ್ವಿಲ್, ಅಲ್ಲಿನ ಜನ ಸಣ್ಣ ಕೆಲಸಕ್ಕೂ ಸಂಘ ಕಟ್ಟುವುದನ್ನು ಕಂಡು ಬೆರಗಾದ. ಸ್ವಾತಂತ್ರ್ಯ ಉಳಿಯುವುದೇ ಇದರಿಂದ ಅಂದ. ಸಾಹುಕಾರ್ರಂಥವರಿಗೆ ಇದು ಹಿರಿಯರಿಂದ ಬಂದ ಕರ್ತವ್ಯ, ಮಾಸ್ತರರಂಥವರಿಗೆ ಅಧಿಕಾರಕ್ಕೆ ಹಾಕುವ ಲಗಾಮು. ಕಾರಣ ಬೇರೆ, ಆದರೆ ಈ ಜಾಗ ಹೋದರೆ ಇಬ್ಬರಿಗೂ ನಷ್ಟ.

ಹೋದರೆ ಹೇಗಿರುತ್ತದೆ ಅಂತ ನಮ್ಮ ಭಾಗದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಿಜಾಮರ ಕಾಲದಲ್ಲಿ ಗಸ್ತಿ ನಿಶಾನ್ 53 ಎಂಬ ಆಜ್ಞೆ ಇತ್ತು. ನಾಲ್ಕು ಜನ ಸಭೆ ಸೇರಬೇಕೆಂದರೆ ಮೊದಲೇ ಅಪ್ಪಣೆ ಬೇಕು. ಅಂಥ ಆಳ್ವಿಕೆಯಲ್ಲೇ, 1934ರಲ್ಲಿ ಶರಣಬಸವೇಶ್ವರ ವಿದ್ಯಾವರ್ಧಕ ಸಂಘ ಹುಟ್ಟಿತು. ಮಠದ ಪರಂಪರೆಯಿಂದ ಬಂದ ಸಂಸ್ಥೆ ಅದು. ಮುಂದೆ 1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದರು. ಅದು ಸದಸ್ಯರು ಮತ ಹಾಕಿ ನಡೆಸುವ ಸಂಸ್ಥೆ. ಎರಡೂ ದಾರಿಯಿಂದ ಈ ಊರಿನ ಮಕ್ಕಳು ಓದಿದ್ದಾರೆ.

ಹಾಗಂತ ಊರಿನ ಒಗ್ಗಟ್ಟೆಲ್ಲ ಒಳ್ಳೆಯದೇ ಅಂತ ನಾನು ಒಪ್ಪುವುದಿಲ್ಲ. ಹಳ್ಳಿಯನ್ನು ಹೊಗಳುವವರಿಗೆ ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕೊಟ್ಟ ಉತ್ತರ ನೆನಪಿರಬೇಕು: ಹಳ್ಳಿ ಅಂದರೆ ಸಂಕುಚಿತ ಬುದ್ಧಿಯ, ಅಜ್ಞಾನದ ಗೂಡು ಅಂತ. ಗುಂಪು ಅಂದಮೇಲೆ ಯಾರು ಬೇಕಾದರೂ ಒಳಗೆ ಬರುವಂತಿರಬೇಕು, ಬೇಡವೆಂದರೆ ಬಿಟ್ಟುಹೋಗುವಂತಿರಬೇಕು. ಇಲ್ಲದಿದ್ದರೆ ಅದು ಬರೀ ಜಾತಿ ಕಟ್ಟೆ. ಈ ಮಾತಿನಲ್ಲಿ ನಾನು ಪೂರ್ತಿ ಮಾಸ್ತರರ ಕಡೆ.

ಅವರಿಬ್ಬರ ಈಗಿನ ಜಗಳವೂ ಇದೇ. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಏಳು ಜನ ಸೇರಿದರೆ ಸಂಘ ಮಾಡಬಹುದು, ಲೆಕ್ಕ ಎಲ್ಲರಿಗೂ ತೋರಿಸಬಹುದು ಅನ್ನುತ್ತಾರೆ ಮಾಸ್ತರು. "ಚುನಾವಣಿ ಮಾಡಿದ್ರ ನೀರಿನಾಗೂ ಪಾರ್ಟಿ ಬರ್ತಾವ್ರಿ. ನಂಬಿಕಿ ಮ್ಯಾಲ ನಡದದ, ನಡೀಲಿ" ಅನ್ನುತ್ತಾರೆ ಸಾಹುಕಾರ್ರು. ಸದ್ಯಕ್ಕೆ ಪಟ್ಟಿ ಕೊಟ್ಟವರ ಹೆಸರು, ಖರ್ಚು ಎರಡನ್ನೂ ಹಂದರದ ಕಂಬಕ್ಕೆ ಅಂಟಿಸುವುದು ಅಂತ ಒಪ್ಪಿದ್ದಾರೆ. ನೋಂದಣಿಯ ಮಾತು ಮಳೆಗಾಲಕ್ಕೆ ಮುಂದೆ ಹೋಗಿದೆ. ಆಗ ಆಟೋ ನಿಲ್ದಾಣದ ಹುಡುಗರನ್ನೂ ಸದಸ್ಯರನ್ನಾಗಿ ಮಾಡಿಕೊಳ್ಳಿ ಅಂತ ನಾನು ಇಬ್ಬರಿಗೂ ಹೇಳಿದ್ದೇನೆ. ಜಾಸ್ತಿ ನೀರು ಕುಡಿಯುವವರೂ ಅವರೇ, ಗೋಣಿ ಒಣಗದಂತೆ ನೋಡಿಕೊಳ್ಳುವವರೂ ಅವರೇ.