ಆಪ್ ಹೊಸದಾಗಿ ಹಾಕ್ಕೊಂಡೋರಿಗೆ ಮಾತ್ರ ಬರ್ತಿದ್ದ ಬಗ್

ನಮ್ ಕಡೆ ಮಳೆ ಲೆಕ್ಕ ಬರೆಯೋದು ಕ್ಯಾಲೆಂಡರ್ ಮೇಲೆ, ತಾರೀಖಿನ ಕೆಳಗೆ ಪೆನ್ಸಿಲ್ಲಲ್ಲಿ ಇಷ್ಟು ಮಿಲಿಮೀಟರ್ ಅಂತ, ಪಕ್ಕದಲ್ಲೇ ಅಡಿಕೆ ಕೊಳೆ ರೋಗಕ್ಕೆ ಔಷಧಿ ಹೊಡೆದ ದಿನ. ಮೊದಲ್ನೇ ಸಲ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದಾಗಿ 40-45 ದಿನಕ್ಕೆ ಎರಡನೇದು ಹೊಡಿಬೇಕಲ್ಲ, ಆ ಲೆಕ್ಕ ತಪ್ಪಿದ್ರೆ ಅಡಿಕೆ ಕಾಯಿ ಉದುರೋಕೆ ಶುರು. ಅದಕ್ಕೇ ಅಂತ ಒಂದು ಸಣ್ಣ ಆಂಡ್ರಾಯ್ಡ್ ಆಪ್ ಮಾಡಿದ್ದೆ, ಮನೆಯವ್ರು ನೆಂಟ್ರು ಎಲ್ಲಾ ಎರಡು ವರ್ಷದಿಂದ ಬಳಸ್ತಿದಾರೆ, ಯಾರಿಗೂ ತೊಂದ್ರೆ ಇರ್ಲಿಲ್ಲ.

ಈ ಮಳೆಗಾಲದಲ್ಲಿ ತೀರ್ಥಹಳ್ಳಿ ಹತ್ರದ ಹಿರಿಯರೊಬ್ರು ಹೊಸದಾಗಿ ಹಾಕ್ಕೊಂಡ್ರು. ಸಂಜೆಗೇ ಫೋನು, "ಎಂತ ಮಾರಾಯ, ಸೇವ್ ಒತ್ತಿದ್ರೆ ಮುಚ್ಕೊಂಡೇ ಹೋಗ್ತದೆ". ಅವ್ರಲ್ಲಿ ಗುಡ್ಡ ಹತ್ತದೆ ನೆಟ್‌ವರ್ಕ್ ಸಿಗಲ್ಲ, ಅದೇ ಇರ್ಬೇಕು ಅಂದ್ಕೊಂಡೆ, ಆದ್ರೆ ಈ ಆಪ್‌ಗೆ ನೆಟ್ಟೇ ಬೇಡ. ನನ್ ಫೋನಲ್ಲಿ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದೆ, ಒಂದ್ಸಲ ಅಲ್ಲ ಮೂರು ಸಲ, ಚೆನ್ನಾಗೇ ನಡೀತು. ಕೊನೆಗೆ ಭಾನುವಾರ ಲ್ಯಾಪ್‌ಟಾಪ್ ಪ್ಲಾಸ್ಟಿಕ್ಕಲ್ಲಿ ಸುತ್ಕೊಂಡು ಗಾಜನೂರು ಮಂಡಗದ್ದೆ ದಾಟಿ ಅವ್ರ ಮನೆಗೇ ಹೋದೆ, ಕೇಬಲ್ ಹಾಕಿ ಲಾಗ್, ಅಂದ್ರೆ ಫೋನು ಬರೆದಿಡೋ ಎರರ್ ದಾಖಲೆ, ನೋಡಿದ್ರೆ ಒಂದೇ ಸಾಲು: ಮಳೆ ಟೇಬಲ್ಲಲ್ಲಿ ಔಷಧಿ ಅನ್ನೋ ಕಾಲಮ್ಮೇ ಇಲ್ಲ.

ಆಗ ಹೊಳೀತು. ಆ ಕಾಲಮ್ ನಾನು ಸೇರಿಸಿದ್ದು ಹೋದ ಬೇಸಿಗೆಲಿ, ಆನ್‌ಅಪ್‌ಗ್ರೇಡ್ ಒಳಗೆ ಮಾತ್ರ, ಅಂದ್ರೆ ಹಳೇ ಡೇಟಾಬೇಸನ್ನ ಹೊಸ ವರ್ಷನ್‌ಗೆ ಏರಿಸುವಾಗ ಓಡೋ ಕೋಡಲ್ಲಿ. ಹಳಬರ ಫೋನಲ್ಲಿ ಡೇಟಾಬೇಸ್ ಮೊದ್ಲೇ ಇತ್ತು, ಅಪ್‌ಡೇಟ್ ಬಂದಾಗ ಅದು ಓಡಿ ಕಾಲಮ್ ಸೇರ್ಕೊಳ್ತು. ಹೊಸಬರಿಗೆ ಅದು ಓಡೋದೇ ಇಲ್ಲ, ಡೇಟಾಬೇಸನ್ನ ಮೊದಲ ಸಲ ಕಟ್ಟೋ ಆನ್‌ಕ್ರಿಯೇಟ್ ಓಡತ್ತೆ, ಅಲ್ಲಿ ಹಳೇ ಟೇಬಲ್ಲೇ ಉಳ್ಕೊಂಡಿತ್ತು.

ಸರಿ, ನನ್ ಫೋನಲ್ಲಿ ತೆಗೆದು ಹಾಕಿದಾಗ್ಲೂ ಯಾಕೆ ಬರ್ಲಿಲ್ಲ? ಇದೇ ನನ್ನನ್ನ ಜಾಸ್ತಿ ಸುತ್ತಿಸಿದ್ದು. ಆಂಡ್ರಾಯ್ಡ್ 6ರಿಂದ ಈಚೆಗೆ ಆಪ್‌ನ ಡೇಟಾ 25 ಎಂಬಿ ತನಕ ತಾನಾಗೇ ಗೂಗಲ್ ಡ್ರೈವ್‌ಗೆ ಬ್ಯಾಕಪ್ ಆಗತ್ತೆ, ನಾವು ಬೇಡ ಅಂತ ಹೇಳದೇ ಇದ್ರೆ. ಮತ್ತೆ ಇನ್‌ಸ್ಟಾಲ್ ಮಾಡಿದಾಗ ಆಪ್ ತೆರೆಯೋಕೆ ಮೊದ್ಲೇ ಅದು ವಾಪಸ್ ಬಂದು ಕೂತಿರತ್ತೆ. ಅಂದ್ರೆ ನಾನು ಹೊಸದು ಅಂದ್ಕೊಂಡು ಟೆಸ್ಟ್ ಮಾಡಿದ್ದೆಲ್ಲ ಹಳೇ ಡೇಟಾಬೇಸ್ ಮೇಲೇನೆ. ಆಮೇಲೆ ಆಪ್ ಡೇಟಾ ಕ್ಲಿಯರ್ ಮಾಡಿ ತೆರೆದೆ ನೋಡಿ, ನನ್ನಲ್ಲೂ ಸೇವ್ ಒತ್ತಿದ್ ಕೂಡ್ಲೆ ಬಿತ್ತು.

ಆನ್‌ಕ್ರಿಯೇಟ್ ಸರಿ ಮಾಡಿದ್ರೆ ಸಾಕಾಗಲ್ಲ, ಇದನ್ನ ಎಲ್ರೂ ಗಮನಿಸ್ಬೇಕು. ಈಗಾಗ್ಲೇ ಹಾಕ್ಕೊಂಡಿರೋ ಆ ಹಿರಿಯರ ಡೇಟಾಬೇಸಲ್ಲಿ ವರ್ಷನ್ ನಂಬರ್ ಹೊಸದೇ ಇದೆ, ಕಾಲಮ್ ಮಾತ್ರ ಇಲ್ಲ. ಅದಕ್ಕೆ ಆನ್‌ಅಪ್‌ಗ್ರೇಡ್ ಮತ್ತೆ ಓಡೋ ಹಾಗೆ ವರ್ಷನ್ ಇನ್ನೊಂದು ಏರಿಸ್ಬೇಕು, ಆದ್ರೆ ಅಲ್ಲಿ ಸುಮ್ನೆ ಕಾಲಮ್ ಸೇರ್ಸು ಅಂದ್ರೆ ಹಳಬರಿಗೆ ಅದೇ ಹೆಸರಿನ ಕಾಲಮ್ ಇದೆ ಅಂತ ಎರರ್ ಬರತ್ತೆ, ಇಲ್ದಿದ್ರೆ ಮಾತ್ರ ಸೇರ್ಸು ಅನ್ನೋ ಸೌಲಭ್ಯ ಈ ಆಪ್ ಬಳಸೋ ಡೇಟಾಬೇಸ್ ಎಸ್‌ಕ್ಯೂಲೈಟಲ್ಲಿ ಕಾಲಮ್‌ಗೆ ಇಲ್ಲ. ಹಂಗಾಗಿ ಟೇಬಲ್ಲಲ್ಲಿ ಯಾವ್ಯಾವ ಕಾಲಮ್ ಇದೆ ಅಂತ ಹೇಳೋ ಟೇಬಲ್ ಇನ್ಫೋ ಪ್ರಾಗ್ಮಾ ಅನ್ನೋ ಕಮಾಂಡ್ ಕೇಳಿ, ಕಾಲಮ್ ಇದ್ಯಾ ನೋಡಿ, ಇಲ್ದಿದ್ರಷ್ಟೇ ಸೇರ್ಸೋ ಥರ ಬರೆದೆ.

ಅಲ್ಲೇ ಜಗಲೀಲಿ ಕೂತು ಬಿಲ್ಡ್ ಮಾಡಿ ಅವ್ರ ಫೋನಿಗೆ ಹಾಕ್ದೆ. ಅವ್ರು ಗೋಡೆಯಿಂದ ಕ್ಯಾಲೆಂಡರ್ ಇಳಿಸ್ಕೊಂಡು ಬಂದು ಹದಿನೈದು ದಿನದ ಮಳೆ ಒಂದೊಂದಾಗಿ ಓದಿ ಹಾಕಿಸಿದ್ರು, ಹಿಂದಿನ ತಿಂಗಳ ಪುಟ ಇನ್ನೂ ಬಾಕಿ ಇದೆ.